ನಿಯಮ ತಿದ್ದಿದ ಕೈಗಳು

ಫುಟ್‌ಬಾಲ್ ಗೋಲ್‌ಕೀಪರ್ ಆಗಬೇಕೆಂದು ಮೈದಾನಕ್ಕೆ ಬರುವ ಹುಡುಗರಿಗೆ, ಹುಡುಗಿಯರಿಗೆ ಕೈಯ ಪಾಠ ಶುರುವಾಗುವುದು ನಾಲ್ಕು ಸಂಗತಿಗಳಿಂದ. ಎದೆಗಿಂತ ಮೇಲೆ ಬಂದ ಚೆಂಡಿಗೆ ಎರಡೂ ಅಂಗೈ ಮುಂದೊಡ್ಡಬೇಕು, ಹೆಬ್ಬೆರಳುಗಳು ತಾಗುವಷ್ಟು ಹತ್ತಿರವಿರಬೇಕು, ಉಳಿದ ಬೆರಳುಗಳು ಚೆಂಡಿನ ಹಿಂದೆ ಹರಡಿರಬೇಕು. ತರಬೇತುದಾರರು ಇದನ್ನು ಡಬ್ಲ್ಯು ಹಿಡಿತ ಎನ್ನುತ್ತಾರೆ. ಹೊಟ್ಟೆಯ ಮಟ್ಟಕ್ಕೆ ಬಂದದ್ದನ್ನು ಬೊಗಸೆಯಲ್ಲಿ ತೆಗೆದುಕೊಂಡು ಎದೆಗೆ ಅವಚಿಕೊಳ್ಳಬೇಕು. ನೆಲದ ಮೇಲೆ ಉರುಳಿ ಬಂದರೆ ಕಿರುಬೆರಳುಗಳನ್ನು ಜೋಡಿಸಿ, ಹಿಂದೆ ಮೊಣಕಾಲನ್ನು ಅಡ್ಡವಿಟ್ಟು ಬಾಚಿಕೊಳ್ಳಬೇಕು. ಹಿಡಿತಕ್ಕೆ ಸಿಗದ್ದನ್ನು ಮುಷ್ಟಿಯಿಂದ ಗುದ್ದಬೇಕು, ಇಲ್ಲವೇ ಅಂಗೈಯಿಂದ ಕಂಬದಾಚೆಗೆ ತಳ್ಳಬೇಕು. ಹೇಳಿಕೊಡುವ ಕ್ರಮ ನೋಡಿದರೆ ಇವೆಲ್ಲ ಮನುಷ್ಯನ ಕೈಯ ಸಹಜ ಗುಣವೆಂದೂ ಚೆಂಡಾಟ ಹುಟ್ಟಿದಾಗಿನಿಂದ ಹೀಗೇ ಇದ್ದವೆಂದೂ ಅನಿಸುತ್ತದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಕೈ ಏನೇನು ಮಾಡಬಲ್ಲದು ಎಂಬುದನ್ನು ಮೂಳೆ ಮಾಂಸಗಳು ಗೊತ್ತುಮಾಡಿರಬಹುದು. ಆದರೆ ಈ ನಾಲ್ಕರಲ್ಲಿ ಯಾವುದು ಮೊದಲು, ಯಾವುದು ಕೊನೆಯ ಉಪಾಯ, ಯಾವುದು ಜಾಣತನ, ಯಾವುದು ಹೇಡಿತನ ಎಂಬ ತೀರ್ಪನ್ನು ಕಳೆದ ನೂರೈವತ್ತು ವರ್ಷಗಳಲ್ಲಿ ಕೊಡುತ್ತ ಬಂದದ್ದು ಆಟದ ನಿಯಮ, ಚೆಂಡಿನ ಚರ್ಮ ಮತ್ತು ಎದುರಿನಿಂದ ನುಗ್ಗಿ ಬರುವ ಫಾರ್ವರ್ಡ್‌ನ ಭುಜ.

1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಮೊದಲ ನಿಯಮಾವಳಿ ಹೊರಡಿಸಿದಾಗ ಅದರಲ್ಲಿ ಗೋಲ್‌ಕೀಪರನ ಹೆಸರೇ ಇರಲಿಲ್ಲ. ಕೈ ಬಳಸುವ ಹಕ್ಕು ಅಷ್ಟಿಷ್ಟು ಎಲ್ಲರಿಗೂ ಇತ್ತು. ಗಾಳಿಯಲ್ಲಿ ಬಂದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದ ಆಟಗಾರ ಹಿಮ್ಮಡಿಯಿಂದ ನೆಲದ ಮೇಲೆ ಗುರುತು ಮಾಡಿ ಫ್ರೀ ಕಿಕ್ ಪಡೆಯಬಹುದಿತ್ತು. 1866ರಲ್ಲಿ ಆ ಸವಲತ್ತು ಹೋಯಿತು, 1870ರಲ್ಲಿ ಕೈ ಬಳಕೆಯೇ ನಿಷಿದ್ಧವಾಯಿತು. ಮರುವರ್ಷ, ಅಂದರೆ 1871ರಲ್ಲಿ, ಒಬ್ಬನಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದೂ ತನ್ನ ಗೋಲನ್ನು ಕಾಪಾಡಿಕೊಳ್ಳುವ ಮಟ್ಟಿಗೆ. ಗೋಲ್‌ಕೀಪರ್ ಎಂಬ ವಿಶೇಷ ಜೀವಿ ಹುಟ್ಟಿದ್ದು ಹೀಗೆ. ಅವನು ಚೆಂಡು ಹಿಡಿದುಕೊಂಡು ಓಡಕೂಡದೆಂದು 1873ರಲ್ಲಿ ಹೇಳಲಾಯಿತು. ಮುಂದೆ ಎರಡು ಹೆಜ್ಜೆಗಿಂತ ಹೆಚ್ಚು ಹಾಕಿದರೆ ಓಡಿದಂತೆ ಎಂಬ ಲೆಕ್ಕ ಬಂತು. ವಿಚಿತ್ರವೆಂದರೆ, ಹೆಜ್ಜೆಗೆ ಕಡಿವಾಣ ಹಾಕಿದವರು ಜಾಗಕ್ಕೆ ಹಾಕಿರಲಿಲ್ಲ. 1887ರಲ್ಲಿ ಎದುರಾಳಿಯ ಅರ್ಧದಲ್ಲಿ ಕೈ ಬಳಸಬಾರದೆಂದು ಬರೆದರೇ ಹೊರತು ತನ್ನ ಅರ್ಧ ಮೈದಾನದ ತುಂಬ ಅವನ ಕೈ ಸ್ವತಂತ್ರವಾಗಿಯೇ ಉಳಿಯಿತು. ಆ ಸ್ವಾತಂತ್ರ್ಯವನ್ನು ಹಿಂಡಿ ಹಿಪ್ಪೆ ಮಾಡಿದವನು ವೇಲ್ಸ್‌ನ ಲೀ ರಿಚ್ಮಂಡ್ ರೂಸ್. ಸ್ಟೋಕ್, ಎವರ್ಟನ್, ಸಂಡರ್ಲೆಂಡ್ ತಂಡಗಳಿಗೆ ಆಡಿದ ಈತ ಚೆಂಡನ್ನು ಹಿಡಿದು ಓಡುತ್ತಿರಲಿಲ್ಲ, ನೆಲಕ್ಕೆ ಪುಟಿಸುತ್ತ ಪುಟಿಸುತ್ತ ಮಧ್ಯರೇಖೆಯವರೆಗೂ ಹೋಗಿ ಅಲ್ಲಿಂದ ಒದೆಯುತ್ತಿದ್ದ. ಪುಟಿಸುವುದು ಹೊರುವುದಲ್ಲವಲ್ಲ! 1912ರಲ್ಲಿ ಕೈ ಬಳಕೆಯನ್ನು ಪೆನಾಲ್ಟಿ ಪ್ರದೇಶದೊಳಗೆ ಕಟ್ಟಿಹಾಕಿದ್ದಕ್ಕೆ ರೂಸ್‌ನ ಈ ವಿದ್ಯೆಯೇ ಮುಖ್ಯ ಕಾರಣವೆಂದು ಫುಟ್‌ಬಾಲ್ ಚರಿತ್ರೆ ಬರೆದವರು ಹೇಳುತ್ತಾರೆ. ಓಡುತ್ತಾ ಚೆಂಡು ಪುಟಿಸುವ ಒಂದು ಇಡೀ ಕೌಶಲ ಆ ಒಂದೇ ತಿದ್ದುಪಡಿಯಿಂದ ಅರ್ಥ ಕಳೆದುಕೊಂಡಿತು. ಅದನ್ನು ಬಲ್ಲ ಕೈಗಳು ಇದ್ದವು, ಬಳಸಲು ಜಾಗ ಇರಲಿಲ್ಲ. ರೂಸ್ 1916ರಲ್ಲಿ ಸೊಮ್ ಕದನದಲ್ಲಿ ಸತ್ತ.

ಜಾಗದ ಮಾತಿಗಿಂತ ದೊಡ್ಡದು ಡಿಕ್ಕಿಯ ಮಾತು. ಇಂದಿನ ಪ್ರೇಕ್ಷಕರಿಗೆ ನಂಬುವುದು ಕಷ್ಟ, ಆದರೆ ಆಟದ ಮೊದಲ ದಶಕಗಳಲ್ಲಿ ಗೋಲ್‌ಕೀಪರನನ್ನು ಭುಜದಿಂದ ಗುದ್ದಿ ಚೆಂಡಿನ ಸಮೇತ ಗೋಲಿನೊಳಗೆ ತಳ್ಳುವುದು ಸಕ್ರಮ ಆಟವಾಗಿತ್ತು. ಚೆಂಡು ಅವನ ಹತ್ತಿರ ಇಲ್ಲದಿದ್ದರೂ ಒಬ್ಬ ಫಾರ್ವರ್ಡ್ ಅವನನ್ನು ಕೆಡವುತ್ತಿದ್ದ, ಇನ್ನೊಬ್ಬ ಗೋಲು ಹೊಡೆಯುತ್ತಿದ್ದ. 1890ರ ದಶಕದಲ್ಲಿ ಇದಕ್ಕೆ ಮಿತಿ ಬಂತು. ಅವನು ಚೆಂಡನ್ನು ಆಡುತ್ತಿರುವಾಗ ಅಥವಾ ಎದುರಾಳಿಗೆ ಅಡ್ಡ ನಿಂತಾಗ ಮಾತ್ರ ಗುದ್ದಬಹುದೆಂದಾಯಿತು. ಈ ಮಿತಿಯ ಮಾತನ್ನು ಇನ್ನೊಂದು ಕಡೆಯಿಂದ ಓದಿ: ಚೆಂಡು ಕೈಗೆ ಬಂದ ಗಳಿಗೆಯಲ್ಲೇ ಗೋಲ್‌ಕೀಪರ್ ಬೇಟೆಯಾಗುತ್ತಾನೆ. ಅಂಥ ಆಟದಲ್ಲಿ ಚೆಂಡನ್ನು ಎದೆಗವಚಿಕೊಂಡು ನಿಲ್ಲುವುದು ಆತ್ಮಹತ್ಯೆ. ಆದ್ದರಿಂದ ವಿಕ್ಟೋರಿಯಾ ಕಾಲದ ಗೋಲ್‌ಕೀಪರನ ಮೊದಲ ವಿದ್ಯೆ ಮುಷ್ಟಿ, ಎರಡನೆಯದು ಕಾಲು, ಹಿಡಿಯುವುದು ಆಮೇಲೆ. ಷೆಫೀಲ್ಡ್ ಯುನೈಟೆಡ್‌ನ ವಿಲಿಯಂ ಫೌಕ್ ಎಂಬಾತ ಆರಡಿಗೂ ಮೀರಿದ ಎತ್ತರದ, ಆಟದ ಕೊನೆಯ ವರ್ಷಗಳಲ್ಲಿ ನೂರಿಪ್ಪತ್ತೈದು ಕಿಲೋಗೂ ಹೆಚ್ಚು ತೂಗುತ್ತಿದ್ದ ಆಸಾಮಿ. ಅವನ ಗಾತ್ರದ ಬಗ್ಗೆ ನಗೆಹನಿಗಳು ಇಂದಿಗೂ ಓಡಾಡುತ್ತವೆ. ನಗುವವರು ಮರೆಯುವುದೇನೆಂದರೆ, ಡಿಕ್ಕಿ ಸಕ್ರಮವಾಗಿದ್ದ ಆಟದಲ್ಲಿ ಅಷ್ಟು ದೊಡ್ಡ ದೇಹವೂ ಒಂದು ತಂತ್ರವೇ. ಅವನನ್ನು ಗುದ್ದಿದವನೇ ಬೀಳುತ್ತಿದ್ದ, ಅವನು ನಿಶ್ಚಿಂತೆಯಿಂದ ಚೆಂಡು ಹಿಡಿಯಬಹುದಿತ್ತು.

ಇನ್ನು ಚೆಂಡು. ದಪ್ಪ ಚರ್ಮದ ಪಟ್ಟಿಗಳನ್ನು ಹೊಲಿದು, ಒಳಗೆ ರಬ್ಬರ್ ಚೀಲ ಇಟ್ಟು, ಬಾಯಿಯನ್ನು ಲಾಡಿಯಿಂದ ಬಿಗಿದ ಹಳೆಯ ಚೆಂಡು ಒಣಗಿದ್ದಾಗ ನಾಲ್ಕುನೂರು ಗ್ರಾಂ ಆಸುಪಾಸು ತೂಗುತ್ತಿತ್ತು. 1937ರಿಂದ ನಿಯಮದಲ್ಲಿರುವ 410ರಿಂದ 450 ಗ್ರಾಂ ಎಂಬ ಅಳತೆ ಇವತ್ತಿಗೂ ಬದಲಾಗಿಲ್ಲ. ಆದರೆ ಆ ತೂಕ ಆಟ ಶುರುವಾಗುವ ಹೊತ್ತಿನದು. ಇಂಗ್ಲೆಂಡಿನ ಚಳಿಗಾಲದ ಮಳೆಯಲ್ಲಿ ಚರ್ಮ ನೀರು ಕುಡಿದು, ಮೇಲೆ ಕೆಸರು ಮೆತ್ತಿಕೊಂಡು, ಅರ್ಧ ಆಟ ಮುಗಿಯುವಷ್ಟರಲ್ಲಿ ನೆನೆದ ಗೋಣಿಚೀಲದಂತಾಗುತ್ತಿತ್ತು. ಬರಿಗೈಯ ಬೆರಳು ಅದರ ಮೇಲೆ ಜಾರುತ್ತಿತ್ತು. ಕೈಯನ್ನು ನಂಬಬೇಡ, ಕೈಯ ಹಿಂದೆ ದೇಹವನ್ನು ಇಡು ಎಂಬ ಪಾಠ ಬಲವಾಗಿ ಬೇರೂರಿದ್ದು ಇಲ್ಲಿ. ಬೊಗಸೆಯೂ ಮೊಣಕಾಲಿನ ಅಡ್ಡವೂ ಆ ಕೆಸರಿನ ಮಕ್ಕಳು. ಇದರ ಕ್ರೂರ ಉದಾಹರಣೆ 1927ರ ಏಪ್ರಿಲ್ 23ರಂದು ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ ಫೈನಲ್. ಕಾರ್ಡಿಫ್ ಸಿಟಿಯ ಹ್ಯೂಯಿ ಫರ್ಗುಸನ್ ಹೊಡೆದದ್ದು ಭಾರಿ ಹೊಡೆತವೇನಲ್ಲ. ಆರ್ಸೆನಲ್‌ನ ಗೋಲ್‌ಕೀಪರ್ ಡಾನ್ ಲೂಯಿಸ್ ಅದನ್ನು ಎದೆಗೆ ಅವಚಿಕೊಂಡ, ಚೆಂಡು ತೋಳಿನಡಿಯಿಂದ ಜಾರಿತು, ಗೋಲ್ ರೇಖೆ ದಾಟಿತು. ಇಂಗ್ಲೆಂಡಿನ ಹೊರಗಿನ ತಂಡವೊಂದು ಆ ಕಪ್ ಗೆದ್ದದ್ದು ಅದೊಂದೇ ಸಲ. ತಪ್ಪು ಅವನ ಹೊಸ ಉಣ್ಣೆ ಜರ್ಸಿಯದು, ಒಗೆಯದ ಹೊಸ ಬಟ್ಟೆಯ ಎಣ್ಣೆಯಂಶ ಜಾರಿಸಿತು ಎಂಬ ವಿವರಣೆ ಹುಟ್ಟಿಕೊಂಡಿತು. ಫೈನಲ್‌ಗೆ ಮೊದಲು ಗೋಲ್‌ಕೀಪರನ ಜರ್ಸಿಯನ್ನು ಒಗೆಯುವ ಪದ್ಧತಿ ಆರ್ಸೆನಲ್‌ನಲ್ಲಿ ಆಗಿನಿಂದ ಬಂತೆಂಬ ಮಾತೂ ಇದೆ. ಜರ್ಸಿಯ ಕತೆ ನಿಜವೋ ನೆಪವೋ, ಅದನ್ನು ಎಲ್ಲರೂ ನಂಬಿದ್ದೇ ಒಂದು ಸಾಕ್ಷಿ. ಗೋಲ್‌ಕೀಪಿಂಗ್ ಕೈಯ ಕೆಲಸವಲ್ಲ, ಕೈ-ಎದೆ-ಬಟ್ಟೆ ಮೂರೂ ಸೇರಿದ ಕೆಲಸ ಎಂದು ಆ ಕಾಲ ತಿಳಿದಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ನಿಯಮ ಒಂದೇ, ಚೆಂಡು ಒಂದೇ. ಹಾಗಿದ್ದರೂ ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಬ್ರಿಟನ್ನಿನ ಗೋಲ್‌ಕೀಪರ್‌ಗಳು ಹಿಡಿಯುವುದನ್ನೇ ವ್ರತವಾಗಿಸಿಕೊಂಡಿದ್ದರು, ಯುರೋಪಿನ ಉಳಿದ ದೇಶಗಳವರು ಗುದ್ದುತ್ತಿದ್ದರು. ಸ್ಪೇನಿನ ರಿಕಾರ್ಡೊ ಜಮೋರ ಮುಂಗೈ ಮತ್ತು ಮೊಣಕೈಯಿಂದ ಚೆಂಡನ್ನು ಹೊಡೆದು ದೂರ ಕಳಿಸುವ ವರಸೆಗೆ ಅವನ ಹೆಸರೇ ಅಂಟಿಕೊಂಡು ಜಮೋರಾನ ಎನಿಸಿತು. ಮಾಸ್ಕೋ ಡೈನಮೋದ ಲೆವ್ ಯಾಶಿನ್, ಯುರೋಪಿನ ವರ್ಷದ ಆಟಗಾರ ಪ್ರಶಸ್ತಿಯನ್ನು 1963ರಲ್ಲಿ ಪಡೆದ ಏಕೈಕ ಗೋಲ್‌ಕೀಪರ್, ಅನುಮಾನವಿದ್ದ ಕಡೆ ಹಿಡಿಯಲು ಹೋಗದೆ ಗುದ್ದುವುದನ್ನು ಮರ್ಯಾದೆಯ ಆಟವಾಗಿಸಿದ. ಬ್ರಿಟಿಷ್ ಪತ್ರಿಕೆಗಳು ಇದನ್ನು ವಿದೇಶಿಯರ ಅಳ್ಳೆದೆ ಎಂದು ಕಂಡವು. ಹಾಗಾದರೆ ಇದು ಜನಸ್ವಭಾವದ ಮಾತಲ್ಲವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಒಣ ನೆಲದಲ್ಲಿ ಒಣ ಚೆಂಡನ್ನು ಗುದ್ದಿದರೆ ಅದು ದೂರ ಹೋಗುತ್ತದೆ. ನೀರು ಕುಡಿದ ಚೆಂಡನ್ನು ಗುದ್ದಿದರೆ ಪೆನಾಲ್ಟಿ ಪ್ರದೇಶದೊಳಗೇ, ಫಾರ್ವರ್ಡ್‌ನ ಕಾಲ ಬಳಿಯೇ ಬೀಳುತ್ತದೆ. ಎರಡು ಪಕ್ಕಗಳಿಂದ ಎತ್ತರದ ಕ್ರಾಸ್‌ಗಳನ್ನು ಸುರಿಯುತ್ತಿದ್ದ ಬ್ರಿಟಿಷ್ ಆಟದಲ್ಲಿ ಅಂಥ ಅರೆಗುದ್ದು ಎದುರಾಳಿಗೆ ಕೊಟ್ಟ ಎರಡನೇ ಅವಕಾಶ. ಹಿಡಿಯುವುದು ಅಪಾಯ ನಿಜ, ಗುದ್ದುವುದು ಇನ್ನೂ ಅಪಾಯ. ಆದರೂ ಒಪ್ಪಿಕೊಳ್ಳಬೇಕಾದ್ದಿದೆ. ಮಾಸ್ಕೋದ ನೆಲ ಸ್ಪೇನಿನಷ್ಟು ಒಣದ್ದೇನೂ ಅಲ್ಲ. ಯಾಶಿನ್‌ನ ಮುಷ್ಟಿಯನ್ನು ಹವಾಮಾನದಿಂದ ಮಾತ್ರ ವಿವರಿಸಲಾಗದು. ಗೋಲ್ ರೇಖೆ ಬಿಟ್ಟು ಮುಂದೆ ಬಂದು ಇಡೀ ಪ್ರದೇಶವನ್ನು ಆಳುವ ಅವನ ಆಟಕ್ಕೆ ಗುದ್ದು ಹೆಚ್ಚು ಒಗ್ಗುತ್ತಿತ್ತು, ಮತ್ತು ಒಮ್ಮೆ ದೊಡ್ಡವನೊಬ್ಬ ಮಾಡಿ ತೋರಿಸಿದ್ದನ್ನು ಶಾಲೆ ಮುಂದುವರಿಸುತ್ತದೆ. ಸಂಪ್ರದಾಯಕ್ಕೆ ತನ್ನದೇ ಬಲವಿದೆ. ಅದು ಹುಟ್ಟಿದ ಕಾರಣ ಸತ್ತ ಮೇಲೂ ಬದುಕಿರುತ್ತದೆ.

ನಮ್ಮ ಕಡೆಯ ಆಟವನ್ನೂ ಇಲ್ಲಿ ನೆನೆಯಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿದ ಪಂದ್ಯ ಬರಿಗಾಲಿನ ಪಂದ್ಯವೆಂದೇ ಪ್ರಸಿದ್ಧ. ಎರಡು ಪೆನಾಲ್ಟಿಗಳನ್ನು ಕೈಬಿಟ್ಟು, ಕೊನೆಗಳಿಗೆಯ ಗೋಲಿನಿಂದ 1-2ರಲ್ಲಿ ಸೋತೆವು. ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಗೋಲಿನ ಬಾಯಲ್ಲಿ ನಿಂತಿದ್ದ ಕೆ.ವಿ. ವರದರಾಜ್ ಮೈಸೂರು ಸಂಸ್ಥಾನದವರು. ಬರಿಗಾಲಿನ ಬಗ್ಗೆ ಪುಟಗಟ್ಟಲೆ ಬರೆದ ನಮ್ಮವರು ಗೋಲ್‌ಕೀಪರನ ಕೈಯ ಬಗ್ಗೆ ಸಾಲು ಬರೆದದ್ದೂ ಅಪರೂಪ. ಮದ್ರಾಸ್ ರೆಜಿಮೆಂಟಲ್ ಸೆಂಟರ್‌ನ ಸೈನಿಕನಾಗಿ ಆಟ ಕಲಿತ, ಹೈದರಾಬಾದಿನಲ್ಲಿ ಹುಟ್ಟಿದ ಪೀಟರ್ ತಂಗರಾಜ್‌ಗೆ ಮಾತ್ರ ಆ ಮರೆವು ಅಷ್ಟಾಗಿ ತಟ್ಟಲಿಲ್ಲ. 1960ರ ರೋಮ್ ಒಲಿಂಪಿಕ್ಸ್ ಆಡಿದ, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಈ ಎತ್ತರದ ಆಳು ಎತ್ತರದ ಚೆಂಡಿಗೆ ಹೆಸರಾದವರು. ಕೋಲ್ಕತ್ತದ ದೊಡ್ಡ ಕ್ಲಬ್‌ಗಳು ಮಳೆಗಾಲದ ಲೀಗ್‌ನಲ್ಲಿ ನೆನೆದ ಚೆಂಡಿನೊಂದಿಗೆ ಆಡುತ್ತಿದ್ದಾಗ ಅಂಥ ಕೈಗಳಿಗೆ ಬೆಲೆ ಬಂದದ್ದು ಆಶ್ಚರ್ಯವಲ್ಲ. ಕೆಸರಿನ ತರ್ಕ ಮ್ಯಾಂಚೆಸ್ಟರ್‌ನಲ್ಲಿ ಒಂದು, ಕೋಲ್ಕತ್ತದಲ್ಲಿ ಇನ್ನೊಂದು ಆಗಲಾರದು.

ಡಿಕ್ಕಿಯ ಕತೆ ಇನ್ನೂ ಮುಗಿದಿರಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಸೆಲ್ಟಿಕ್‌ನ ಇಪ್ಪತ್ತೆರಡು ವರ್ಷದ ಜಾನ್ ಥಾಮ್ಸನ್ ಎದುರಾಳಿಯ ಕಾಲಬುಡಕ್ಕೆ ಹಾರಿ, ಮೊಣಕಾಲು ತಲೆಗೆ ಬಡಿದು ಅದೇ ರಾತ್ರಿ ತೀರಿಕೊಂಡ. 1956ರ ಎಫ್.ಎ. ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಬರ್ಟ್ ಟ್ರೌಟ್‌ಮನ್ ಅಂಥದೇ ನೆಗೆತದಲ್ಲಿ ಕುತ್ತಿಗೆಯ ಮೂಳೆ ಮುರಿದುಕೊಂಡು, ಅದು ಗೊತ್ತಿಲ್ಲದೆ ಕೊನೆಯವರೆಗೂ ಆಡಿದ. ಇವೆರಡೂ ಆಕಸ್ಮಿಕ. ಮುಂದಿನ ಎರಡು ಫೈನಲ್‌ಗಳದ್ದು ಹಾಗಲ್ಲ, ಆಟದ ರೂಢಿಯೇ ಕಟಕಟೆಯಲ್ಲಿ ನಿಂತ ಪ್ರಕರಣಗಳವು. 1957ರಲ್ಲಿ ಆಸ್ಟನ್ ವಿಲ್ಲಾದ ಪೀಟರ್ ಮೆಕ್‌ಪಾರ್ಲಂಡ್ ಓಡಿಬಂದು ಗುದ್ದಿದ್ದರಿಂದ ಮ್ಯಾಂಚೆಸ್ಟರ್ ಯುನೈಟೆಡ್‌ನ ರೇ ವುಡ್‌ನ ಕೆನ್ನೆಮೂಳೆ ಮುರಿಯಿತು. ಮರುವರ್ಷ ಅದೇ ಯುನೈಟೆಡ್‌ನ ಹ್ಯಾರಿ ಗ್ರೆಗ್ ಚೆಂಡು ಹಿಡಿಯುತ್ತಿದ್ದಾಗ ಬೋಲ್ಟನ್‌ನ ನ್ಯಾಟ್ ಲಾಫ್ಟ್‌ಹೌಸ್ ಅವನನ್ನು ಚೆಂಡಿನೊಡನೆ ರೇಖೆಯ ಆಚೆಗೆ ತಳ್ಳಿದ, ರೆಫರಿ ಗೋಲು ಕೊಟ್ಟ. ಲಕ್ಷಾಂತರ ಜನ ದೂರದರ್ಶನದಲ್ಲಿ ಕಂಡ ಗೋಲು ಅದು. ನಂತರದ ದಶಕಗಳಲ್ಲಿ ರೆಫರಿಗಳ ಸೀಟಿ ಗೋಲ್‌ಕೀಪರನ ಪರ ಹೆಚ್ಚುಹೆಚ್ಚು ಮೊಳಗತೊಡಗಿತು. ಗಾಳಿಯಲ್ಲಿ ಎರಡೂ ಕೈ ಮೇಲೆತ್ತಿದವನನ್ನು ಮುಟ್ಟಿದರೂ ಫೌಲ್ ಎನ್ನುವಷ್ಟರವರೆಗೆ ಅದು ಬಂತು. ಇವತ್ತು ಮಕ್ಕಳಿಗೆ ಹೇಳಿಕೊಡುವ ಎತ್ತರದ ಹಿಡಿತ, ಒಂದು ಮೊಣಕಾಲೆತ್ತಿ, ತೋಳು ಪೂರ್ತಿ ಚಾಚಿ, ನೆಗೆತದ ತುದಿಯಲ್ಲಿ ಹಿಡಿಯುವ ಆ ಚೆಂದದ ಭಂಗಿ, ಈ ರಕ್ಷಣೆಯ ನೆರಳಲ್ಲಿ ಬೆಳೆದದ್ದು. ಪಕ್ಕೆ ತೆರೆದಿಟ್ಟು ಗಾಳಿಯಲ್ಲಿ ನಿಲ್ಲುವ ಧೈರ್ಯವನ್ನು ಲಾಫ್ಟ್‌ಹೌಸ್‌ನ ಕಾಲದಲ್ಲಿ ಯಾವ ಗುರುವೂ ಸುಲಭವಾಗಿ ಹೇಳಿಕೊಡುತ್ತಿರಲಿಲ್ಲ.

ಗ್ಲೌಸಿನ ವಿಷಯಕ್ಕೆ ಬಂದರೆ ಹಳಬರ ದೂರು ಕೇಳಿಸುತ್ತದೆ: ಬರಿಗೈಯಲ್ಲಿ ಹಿಡಿಯುತ್ತಿದ್ದವರೇ ನಿಜವಾದ ಗೋಲ್‌ಕೀಪರ್‌ಗಳು, ಗ್ಲೌಸ್ ಬಂದು ವಿದ್ಯೆ ಹಾಳಾಯಿತು. ಚಳಿಗೆ, ಮಳೆಗೆ ಉಣ್ಣೆಯ ಅಥವಾ ಹತ್ತಿಯ ಗ್ಲೌಸ್ ಹಾಕುವವರು ಮೊದಲಿನಿಂದಲೂ ಇದ್ದರು. ಅರ್ಜೆಂಟೀನದ ರಿವರ್ ಪ್ಲೇಟ್ ತಂಡದ ಅಮಾದಿಯೊ ಕರ್ರಿಸೊ ಅದನ್ನು ನಿತ್ಯದ ಉಡುಪಾಗಿಸಿದವರಲ್ಲಿ ಮೊದಲಿಗ. ಆದರೆ ಅಂಗೈಗೆ ಲೇಟೆಕ್ಸ್ ನೊರೆ ಅಂಟಿಸಿದ ದೊಡ್ಡ ಗಾತ್ರದ ಗ್ಲೌಸ್ ಬಂದದ್ದು 1970ರ ದಶಕದಲ್ಲಿ, ಪಶ್ಚಿಮ ಜರ್ಮನಿಯ ಸೆಪ್ ಮಾಯರ್ ಮತ್ತು ರೋಯಿಶ್ ಕಂಪನಿ ಕೂಡಿ ಮಾಡಿದ ಪ್ರಯೋಗಗಳಿಂದ. ಅದು ಬಂದ ಕಾಲವನ್ನು ಗಮನಿಸಬೇಕು. ಚೆಂಡಿನ ಚರ್ಮಕ್ಕೆ ನೀರು ತಡೆಯುವ ಲೇಪ ಬಂದಿತ್ತು, 1986ರ ಮೆಕ್ಸಿಕೊ ವಿಶ್ವಕಪ್‌ನ ಅಸ್ತೆಕ ಚೆಂಡಿನಲ್ಲಿ ಚರ್ಮವೇ ಮಾಯವಾಗಿ ಪೂರ್ತಿ ಕೃತಕ ವಸ್ತು ಬಂತು. ನೀರು ಕುಡಿಯದ ಚೆಂಡು ಕೊನೆಯ ನಿಮಿಷದವರೆಗೂ ವೇಗವಾಗಿಯೇ ಇರುತ್ತದೆ, ಒದ್ದೆಯಾದಾಗ ಅದರ ನಯವಾದ ಮೈ ಬರಿಗೈಗೆ ನಿಲ್ಲುವುದೇ ಇಲ್ಲ. ಹಾಗಾಗಿ ಗ್ಲೌಸ್ ಒಂದು ವಿದ್ಯೆಯನ್ನು ಕೆಡಿಸಿತು ಎನ್ನುವ ಮೊದಲು ಆ ವಿದ್ಯೆ ಯಾವ ಚೆಂಡಿಗಾಗಿ ಹುಟ್ಟಿತ್ತೋ ಆ ಚೆಂಡೇ ಹೋಗಿತ್ತು ಎನ್ನಬೇಕು. ಗ್ಲೌಸ್ ಮಾಡಿದ್ದು ಇಷ್ಟು: ಎದೆಯ ಆಸರೆ ಇಲ್ಲದೆ, ದೇಹದಿಂದ ದೂರದಲ್ಲಿ, ಬೆರಳುಗಳಷ್ಟರಿಂದಲೇ ಚೆಂಡು ನಿಲ್ಲಿಸುವುದನ್ನು ಸಾಮಾನ್ಯರಿಗೂ ಸಾಧ್ಯವಾಗಿಸಿತು. ಬೊಗಸೆಯ ಜಾಗಕ್ಕೆ ಡಬ್ಲ್ಯು ಹಿಡಿತ ಪಾಠದ ಮೊದಲ ಸಾಲಿಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಹಗುರವೆನಿಸುವ ಹೊಸ ಚೆಂಡು ಇನ್ನೊಂದು ಕೆಲಸವನ್ನೂ ಮಾಡಿತು. ಹೊಲಿಗೆ ಕಡಿಮೆಯಾದಂತೆ, ಮೈ ನುಣುಪಾದಂತೆ, ತಿರುಗದೆ ಬರುವ ಚೆಂಡು ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತದೆ. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನ ಜಬುಲಾನಿ ಎಂಟೇ ತುಂಡುಗಳಿಂದ ಆದ ಚೆಂಡು. ಕೆಟ್ಟದ್ದೆಂದು ಹಲವು ಗೋಲ್‌ಕೀಪರ್‌ಗಳು ದೂರಿದರು. ಇಂಗ್ಲೆಂಡಿನ ರಾಬರ್ಟ್ ಗ್ರೀನ್ ಅಮೆರಿಕದ ವಿರುದ್ಧ ಕ್ಲಿಂಟ್ ಡೆಂಪ್ಸಿಯ ಸಾಧಾರಣ ಹೊಡೆತವನ್ನು ಕೈಯಿಂದ ಜಾರಿಸಿಕೊಂಡದ್ದು ಅದೇ ಕೂಟದಲ್ಲಿ. ಅದನ್ನು ಚೆಂಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ, ನೆಲದ ಮೇಲೆ ಬಂದ ಹೊಡೆತ ಅದು. ಡಾನ್ ಲೂಯಿಸ್‌ಗೆ ಜರ್ಸಿ ಹೇಗೋ ಗ್ರೀನ್‌ಗೆ ಜಬುಲಾನಿ ಹಾಗೆ. ಆದರೆ ದೂರದ ಹೊಡೆತಗಳ ಮಟ್ಟಿಗೆ ದೂರು ನಿಜ, ಮತ್ತು ಅದರ ಫಲವಾಗಿ ತಳ್ಳುವುದು ಎರಡನೇ ದರ್ಜೆಯ ಉಪಾಯವಾಗಿ ಉಳಿಯಲಿಲ್ಲ. ಹಿಡಿಯಲು ಹೋಗಿ ಮುಂದಕ್ಕೆ ಚೆಲ್ಲುವುದಕ್ಕಿಂತ ಗಟ್ಟಿ ಅಂಗೈಯಿಂದ ಪಕ್ಕಕ್ಕೆ ಕಳಿಸುವುದು ಲೇಸು ಎಂದು ಈಗ ಬಾಯಿಬಿಟ್ಟೇ ಕಲಿಸುತ್ತಾರೆ. ಯಾಶಿನ್‌ನನ್ನು ಅಳ್ಳೆದೆಯವನೆಂದ ಪರಂಪರೆಯೇ ಅವನ ದಾರಿಗೆ ಬಂದು ನಿಂತಿತು, ಚೆಂಡಿನ ಒತ್ತಾಯದಿಂದ.

ಹಾಗಾದರೆ ಪ್ರತಿಭೆಗೆ ಜಾಗವೇ ಇಲ್ಲವೇ ಎಂದು ಕೇಳಬಹುದು. 1970ರ ಜೂನ್ 7ರಂದು ಗ್ವಾದಲಹಾರದಲ್ಲಿ ಪೆಲೆ ತಲೆಯಿಂದ ನೆಲಕ್ಕೆ ಬಡಿದು ಕಳಿಸಿದ ಚೆಂಡನ್ನು ಗೋರ್ಡನ್ ಬ್ಯಾಂಕ್ಸ್ ಬಲಕ್ಕೆ ಬೀಳುತ್ತಾ ಒಂದೇ ಕೈಯಿಂದ ಮೇಲೆತ್ತಿ ಅಡ್ಡಪಟ್ಟಿಯಾಚೆಗೆ ಕಳಿಸಿದ್ದನ್ನು ಯಾವ ನಿಯಮ ಹುಟ್ಟಿಸಿತು? ಯಾವುದೂ ಅಲ್ಲ. ಆದರೆ ಆ ಕೈಚಳಕದ ಹಿಂದೆಯೂ ಒಂದು ಸಿದ್ಧತೆ ಇದೆ. ಮೆಕ್ಸಿಕೊದ ಗಟ್ಟಿ ನೆಲದಲ್ಲಿ ಚೆಂಡು ಇಂಗ್ಲೆಂಡಿಗಿಂತ ಹೆಚ್ಚು ಪುಟಿಯುತ್ತದೆಂದು ಬ್ಯಾಂಕ್ಸ್ ಅಲ್ಲಿ ಹೋಗಿ ಅಭ್ಯಾಸ ಮಾಡಿ ಕಲಿತದ್ದರಿಂದಲೇ ಕೈ ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿದಿತ್ತು. ಡೆನ್ಮಾರ್ಕಿನ ಪೀಟರ್ ಸ್ಮೈಕಲ್ ಕೈಕಾಲು ನಾಲ್ಕನ್ನೂ ನಕ್ಷತ್ರದಂತೆ ಹರಡಿ ಎದುರಾಳಿಯ ಮುಂದೆ ಹಾರುತ್ತಿದ್ದುದು ಬಾಲ್ಯದಲ್ಲಿ ಆಡಿದ ಹ್ಯಾಂಡ್‌ಬಾಲ್‌ನಿಂದ ತಂದ ವರಸೆ. ಪ್ರತಿಭಾವಂತರು ಹೊಸತನ್ನು ಶೂನ್ಯದಿಂದ ತರುವುದಿಲ್ಲ. ಆ ಕಾಲದ ನೆಲ, ಚೆಂಡು, ನಿಯಮ ಯಾವುದಕ್ಕೆ ಅವಕಾಶ ಕೊಡುತ್ತದೆಂದು ಉಳಿದವರಿಗಿಂತ ಮೊದಲು ಕಾಣುತ್ತಾರೆ. ರೂಸ್ ಕಂಡದ್ದೂ ಅದನ್ನೇ, ಆಟದ ಯಜಮಾನರು ಆ ಬಾಗಿಲು ಮುಚ್ಚಿದರು ಅಷ್ಟೆ.

ಚೆಂಡು ಹಿಡಿದ ಮೇಲೆ ಏನು ಎಂಬುದೂ ಕೈಯ ವಿದ್ಯೆಯ ಭಾಗವೇ. ಎರಡು ಹೆಜ್ಜೆಯ ಮಿತಿ 1931ರಲ್ಲಿ ನಾಲ್ಕಾಯಿತು. ಹಿಡಿದದ್ದನ್ನು ಸುಮ್ಮನೆ ದೂರಕ್ಕೆ ಒದೆಯುವ ಬದಲು ಹತ್ತಿರದ ಗೆಳೆಯನಿಗೆ ಎಸೆಯುವುದನ್ನು ಮ್ಯಾಂಚೆಸ್ಟರ್ ಸಿಟಿಯ ಫ್ರಾಂಕ್ ಸ್ವಿಫ್ಟ್ ಬ್ರಿಟನ್ನಿನಲ್ಲಿ ರೂಢಿಗೆ ತಂದ. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಮಣಿಸಿದ ಹಂಗೆರಿಯ ಗ್ಯೂಲಾ ಗ್ರೋಶಿಚ್ ಆ ಎಸೆತವನ್ನು ದಾಳಿಯ ಮೊದಲ ಹೆಜ್ಜೆಯಾಗಿಸಿದ. ಬಳಿಕ ಉಲ್ಟಾ ರೋಗ ಅಂಟಿತು. ಗೆಲ್ಲುತ್ತಿರುವ ತಂಡದವರು ಹಿಂದಕ್ಕೆ ತಳ್ಳುವುದು, ಗೋಲ್‌ಕೀಪರ್ ಎತ್ತಿಕೊಳ್ಳುವುದು, ಮತ್ತೆ ಕೊಡುವುದು, ಮತ್ತೆ ಎತ್ತಿಕೊಳ್ಳುವುದು. 1990ರ ಇಟಲಿ ವಿಶ್ವಕಪ್ ನೋಡಿದವರಿಗೆ ಆ ಬೇಸರ ಗೊತ್ತು. 1992ರಲ್ಲಿ ಸಹ ಆಟಗಾರ ಉದ್ದೇಶಪೂರ್ವಕವಾಗಿ ಕಾಲಿನಿಂದ ಕೊಟ್ಟ ಚೆಂಡನ್ನು ಕೈಯಿಂದ ಮುಟ್ಟಬಾರದೆಂಬ ನಿಯಮ ಬಂತು. 1871ರಲ್ಲಿ ಸಿಕ್ಕ ವಿನಾಯಿತಿಯ ಮೇಲೆ 1912ರ ನಂತರ ಬಿದ್ದ ಅತಿ ದೊಡ್ಡ ಕತ್ತರಿ ಅದು. ಈಚಿನ ಗೋಲ್‌ಕೀಪರ್‌ಗಳನ್ನು ಕಾಲಿನ ಆಟಕ್ಕಾಗಿ ಆರಿಸುತ್ತಾರೆ, ಕೈ ಸೊರಗುತ್ತಿದೆ ಎಂದು ಗೊಣಗುವವರು ಆ ವರ್ಷವನ್ನು ನೆನಪಿಟ್ಟುಕೊಳ್ಳಬೇಕು. ಆಯ್ಕೆ ಮಾಡಿದ್ದು ತರಬೇತುದಾರರ ಖಯಾಲಿಯಲ್ಲ, ಒಂದು ಸಾಲಿನ ಕಾನೂನು.

ನಾಲ್ಕು ಹೆಜ್ಜೆಯ ಲೆಕ್ಕ 2000ದಲ್ಲಿ ಆರು ಸೆಕೆಂಡಿಗೆ ತಿರುಗಿತು. ಮೀರಿದರೆ ಪೆನಾಲ್ಟಿ ಪ್ರದೇಶದೊಳಗೆ ಪರೋಕ್ಷ ಫ್ರೀ ಕಿಕ್ ಎಂಬ ಶಿಕ್ಷೆ ಎಷ್ಟು ಕಠಿಣವಾಗಿತ್ತೆಂದರೆ ರೆಫರಿಗಳು ಅದನ್ನು ಕೊಡಲು ಹಿಂಜರಿದರು, ನಿಯಮ ಪುಸ್ತಕದಲ್ಲೇ ಉಳಿಯಿತು. 2025ರ ಜುಲೈ 1ರಿಂದ ಮಿತಿ ಎಂಟು ಸೆಕೆಂಡು. ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ ಬೆರಳುಗಳಲ್ಲಿ ಎಣಿಸಿ ತೋರಿಸುತ್ತಾನೆ, ಮುಗಿದ ಮೇಲೂ ಚೆಂಡು ಗೋಲ್‌ಕೀಪರನ ಕೈಯಲ್ಲೇ ಇದ್ದರೆ ಎದುರಾಳಿಗೆ ಕಾರ್ನರ್ ಕಿಕ್.